ಪೆನ್ಸಿಲ್ ತೊಳೆದ ಮುಖ

ಗಿರಾಕಿಗಳ ಫೋಟೋ ತೆಗೆಯುವುದು ನಿಂತು ಎಂಟು ವರ್ಷವಾಗಿದ್ದರೂ ನಮ್ಮ ಮನೆಯ ಮುಂದಿನ ಕೋಣೆಯನ್ನು ಎಲ್ಲರೂ ಸ್ಟುಡಿಯೋ ಎಂದೇ ಕರೆಯುತ್ತಿದ್ದೆವು. "ಸ್ಟುಡಿಯೋದಲ್ಲಿ ಈರುಳ್ಳಿ ಹರವಿದೀನಿ, ತುಳೀಬೇಡ" ಎಂದು ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದಳು. ಈರುಳ್ಳಿಯ ಹಿಂದೆ ಮೆಟ್ಟಿಲು, ಕಂಬ ಬರೆದ ಮಾಸಲು ಪರದೆ. ಅದರ ಮುಂದೆ ಒಂದು ಕೈ ಮುರಿದ ಕುರ್ಚಿ. ಮೂಲೆಯಲ್ಲಿ ಕರಿಬಟ್ಟೆ ಹೊದ್ದು ನಿಂತ ಕ್ಯಾಮೆರಾ. ಶಾಲೆಯಿಂದ ಬಂದವಳೇ ಚೀಲ ಎಸೆದು ನಾನು ಅಲ್ಲಿಗೆ ಓಡುತ್ತಿದ್ದೆ. ಆಗ ನನಗೆ ಹತ್ತು ವರ್ಷ. ಈಗಲೂ ಎಲ್ಲಾದರೂ ಟರ್ಪೆಂಟೈನ್ ವಾಸನೆ ಬಂದರೆ ಸಾಕು, ತಾತನ ಅಂಗಿಯ ತೋಳು ನೆನಪಾಗಿ ಕಾಲು ತಾನಾಗಿ ನಿಲ್ಲುತ್ತದೆ.

ಫೋಟೋ ತೆಗೆಯುವುದು ಯಾರಿಗಾದರೂ ಬರುತ್ತದೆ, ತಿದ್ದುವುದು ಬರಬೇಕು ಎನ್ನುತ್ತಿದ್ದ ತಾತ. ಕಿಟಕಿಯ ಬಳಿ ಅವನ ಇಳಿಜಾರು ಮೇಜು. ನಡುವೆ ಮಸುಕು ಗಾಜು, ಕೆಳಗೆ ಬೆಳಕನ್ನು ಮೇಲಕ್ಕೆ ಕಳಿಸುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಅಂಟುಎಣ್ಣೆಯಂಥದ್ದನ್ನು ಹತ್ತಿಯಲ್ಲಿ ಸವರಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕಿ ಇಡುತ್ತ ಹೋಗುವುದು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲ್ ಬಿದ್ದಲ್ಲಿ ಫೋಟೋದಲ್ಲಿ ಬೆಳ್ಳಗೆ, ಸಣ್ಣ ಚಾಕುವಿನಿಂದ ಕೆರೆದಲ್ಲಿ ಕಪ್ಪಗೆ. ಇದಕ್ಕೆ ತಾತ ಇಟ್ಟ ಹೆಸರು "ಮುಖಕ್ಕೆ ಬೆಳಕು ಕೊಡೋದು". ಮೊಡವೆ ಹೋಗುತ್ತಿತ್ತು, ಕಣ್ಣ ಕೆಳಗಿನ ಕಪ್ಪು ಹೋಗುತ್ತಿತ್ತು, ಜೋಲು ಗಲ್ಲ ಬಿಗಿಯಾಗುತ್ತಿತ್ತು, ಎರಡು ಬದಿಗೆ ಕಪ್ಪು ಗೆರೆ ಬಿದ್ದು ಅಗಲ ಮೂಗು ಕಿರಿದಾಗುತ್ತಿತ್ತು. ಊರಿಗೆ ಅದೊಂದೇ ಸ್ಟುಡಿಯೋ ಇದ್ದ ಕಾಲದಲ್ಲಿ ಅರ್ಧ ಊರಿನ ಮದುವೆಗಳು ತನ್ನ ಪೆನ್ಸಿಲ್ಲಿನಿಂದಲೇ ಕುದುರಿದ್ದು ಎಂದು ತಾತ ಜಂಬ ಕೊಚ್ಚುತ್ತಿದ್ದ. "ಕುದುರಿದ್ದಲ್ಲ, ಮೋಸ ಹೋಗಿದ್ದು" ಎಂದು ಅಜ್ಜಿ ಸೇರಿಸುತ್ತಿದ್ದಳು.

ಅಮ್ಮ ಬಂದರಿನವಳು. ಊರಿನ ಬಾಯಲ್ಲಿ ಬಂದರಿನವರು ಎಂದರೆ ಕಪ್ಪು ಜನ. ಮೂರು ತಲೆಮಾರಿನ ಹಿಂದೆ ಮೂಟೆ ಹೊರುವುದಕ್ಕೆಂದು ಹಡಗಿನಲ್ಲಿ ಬೇರೆ ನಾಡಿನಿಂದ ಕರೆತಂದವರ ಮಕ್ಕಳು, ಮೊಮ್ಮಕ್ಕಳು. ಅಪ್ಪನ ಕಡೆಯವರು ಬಿಸಿಲಿಗೆ ನಿಂತರೆ ಕೆಂಪಗಾಗುವ ಬಿಳಿಚು ಮಂದಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ಕೈ ಸುಟ್ಟುಕೊಂಡು ಆಸ್ಪತ್ರೆಗೆ ಹೋದಾಗ ಪಟ್ಟಿ ಕಟ್ಟಿದವಳು ಅಮ್ಮ. "ಒಂದು ವಾರಕ್ಕೇ ವಾಸಿಯಾಗಿತ್ತು. ಎರಡು ತಿಂಗಳು ಪಟ್ಟಿ ಕಟ್ಟಿಸ್ಕೊಂಡೆ" ಎಂದು ಅಪ್ಪ ಬಂದವರೆದುರೆಲ್ಲ ಹೇಳುತ್ತಿದ್ದ. ನಾನು ಇಬ್ಬರ ನಡುವಿನ ಬಣ್ಣ. ಅಗಲ ಮೂಗು ಮಾತ್ರ ಪೂರ್ತಿ ಅಮ್ಮನ ಕಡೆಯದು.

ಆ ವರ್ಷ ಅಮ್ಮನನ್ನು ಹೆಡ್ ನರ್ಸ್ ಮಾಡಿದರು. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಹಿಂದಿನ ಹೆಡ್ ನರ್ಸ್‌ಗಳ ಹನ್ನೊಂದು ಫೋಟೋಗಳಿದ್ದವು. ಹನ್ನೊಂದೂ ಬಿಳಿ ಟೋಪಿಯ, ಬಿಳಿ ಮುಖದ ಹೆಂಗಸರು. ಬಂದರಿನವರಲ್ಲಿ ಆ ಗೋಡೆ ಏರುವವಳು ಅಮ್ಮನೇ ಮೊದಲು. ತಿಂಗಳ ಕೊನೆಗೆ ಫೋಟೋ ತರಬೇಕು, ಸಾಲಿಗೆ ಹೊಂದುವಂತೆ ಕಪ್ಪುಬಿಳುಪಿನದೇ ಆಗಬೇಕು ಎಂದು ಆಸ್ಪತ್ರೆಯವರು ಹೇಳಿ ಹನ್ನೆರಡನೆಯ ಮೊಳೆಯನ್ನೂ ಹೊಡೆದಿಟ್ಟಿದ್ದರು.

"ಕಪ್ಪುಬಿಳುಪು ಈಗ ಯಾರು ತೆಗೀತಾರೆ?" ಎಂದ ಅಪ್ಪ.

ಅಮ್ಮ ಬ್ರೆಡ್ಡು ಹೆಚ್ಚುತ್ತ ತಾತನ ಕಡೆ ನೋಡಿದಳು. "ಮಾವ ತೆಗೀತಾರೆ."

ತಾತನ ಮೈಮೇಲಿಂದ ಹತ್ತು ವರ್ಷ ಇಳಿದಂತಾಯಿತು. ಈರುಳ್ಳಿ ಅದೇ ದಿನ ಜಗಲಿಗೆ ಹೋಯಿತು. ಹಳೆಯ ಅಂಗಡಿಯವನನ್ನು ಹುಡುಕಿ ಫಿಲ್ಮು, ಕಾಗದ ತಂದ. ದೀಪಗಳ ಧೂಳು ಒರೆಸುವ ಕೆಲಸ ನನ್ನದು. ತಾತ ನನ್ನನ್ನು ಅಸಿಸ್ಟೆಂಟ್ ಎಂದೇ ಕರೆಯುತ್ತಿದ್ದ. ಭಾನುವಾರ ಬೆಳಿಗ್ಗೆ ಅಮ್ಮ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ಕೂತಳು. "ಗಲ್ಲ ಒಂಚೂರು ಕೆಳಗಮ್ಮ. ಹಾಂ, ಉಸಿರು ಬಿಡಬೇಡ" ಎಂದು ತಾತ ಕರಿಬಟ್ಟೆಯೊಳಗಿನಿಂದ ಹೇಳಿದ. ಅಮ್ಮ ಅಷ್ಟು ನೆಟ್ಟಗೆ ಕೂತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಐದು ದಿನ ತಾತ ಮೇಜು ಬಿಟ್ಟು ಏಳಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಹಾ ಆರಿಸಿಕೊಂಡು ಕುಡಿಯುತ್ತ, ಗುನುಗುತ್ತ ಕೆಲಸ ಮಾಡಿದ. ನನ್ನನ್ನೂ ಹತ್ತಿರ ಬಿಡಲಿಲ್ಲ. ಶುಕ್ರವಾರ ಸಂಜೆ ಊಟದ ಮೇಜಿನ ಮೇಲೆ ಚೌಕಟ್ಟು ಹಾಕಿದ ಫೋಟೋ ತಂದಿಟ್ಟು, ಮೇಲಿನ ಕಾಗದವನ್ನು ತಾನೇ ಸರಿಸಿದ.

ನಾನೇ ಮೊದಲು ಬಾಯಿ ಬಿಟ್ಟೆ. "ಇದು ಯಾರು?"

ಅಮ್ಮನ ಟೋಪಿ ಇತ್ತು, ಅಮ್ಮನ ಬಿಲ್ಲೆ ಇತ್ತು, ಕಿವಿಯ ಓಲೆ ಇತ್ತು. ಮುಖ ಮಾತ್ರ ಹಾಲಿನ ಬಣ್ಣದ, ಕಿರಿದು ಮೂಗಿನ, ತೆಳು ತುಟಿಯ ಯಾರೋ ಹೆಂಗಸಿನದು.

"ನಿಮ್ಮಮ್ಮ ಕಣೇ, ಇನ್ಯಾರು!" ತಾತ ನಕ್ಕ. "ಆ ಹನ್ನೊಂದರ ಪಕ್ಕ ಇಟ್ಟು ನೋಡಿ. ಯಾರಿಗೂ ಒಂದು ಗುಲಗಂಜಿ ಕಮ್ಮಿ ಕಾಣಲ್ಲ."

ಅಮ್ಮ ಫೋಟೋ ನೋಡಿದಳು. ತುಂಬ ಹೊತ್ತು ನೋಡಿದಳು. "ಮಾವ, ಇದು ನಾನಲ್ಲ" ಎಂದಳು.

"ಸ್ವಲ್ಪ ಬೆಳಕು ಕೊಟ್ಟಿದೀನಿ ಅಷ್ಟೆ."

"ಬೆಳಕಲ್ಲ ಮಾವ. ನನ್ನನ್ನ ಅಳಿಸಿದೀರಿ. ಇದನ್ನ ನಾನು ಅಲ್ಲಿ ತೂಗು ಹಾಕಲ್ಲ."

ತಾತನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. "ಐದು ದಿನ ಕಣ್ಣಲ್ಲಿ ಕಣ್ಣಿಟ್ಟು ಮಾಡಿದೀನಿ. ಈ ವಯಸ್ಸಲ್ಲಿ. ನನ್ನ ಸ್ವಂತ ಮಗಳಿಗೂ ಇಷ್ಟು ಮಾಡ್ತಿರಲಿಲ್ಲ."

"ಪ್ರೀತಿಯಿಂದ ಮಾಡಿದ್ದು ಬಿಡೆ" ಎಂದ ಅಪ್ಪ. "ಕಪ್ಪೋ ಬಿಳಿಯೋ, ಸಂಬಳ ಅಷ್ಟೇ ತಾನೆ?" ತನ್ನ ಮಾತಿಗೆ ತಾನೇ ನಕ್ಕು, ಯಾರೂ ಜೊತೆಗೂಡದ್ದು ನೋಡಿ ಮೀನಿನ ಮುಳ್ಳು ಬಿಡಿಸತೊಡಗಿದ.

ಅಷ್ಟರಲ್ಲಿ ಅಜ್ಜಿ ಅಳುವುದಕ್ಕೆ ಶುರುಮಾಡಿದಳು. ಅಜ್ಜಿಯ ಅಳು ಸಣ್ಣಪುಟ್ಟ ಅಳುವಲ್ಲ. "ಹನ್ನೆರಡು ವರ್ಷ ಆಯ್ತು ನೀನು ಬಂದು. ಒಂದು ದಿನ ನಿನಗೆ ತಟ್ಟೆ ಬೇರೆ ಮಾಡಿದೀನಾ? ಲೋಟ ಬೇರೆ ಇಟ್ಟಿದೀನಾ? ನಿನಗೋಸ್ಕರ ನನ್ನ ಅಣ್ಣನ ಮನೆ ಬಿಟ್ಟೆ. ಈಗ ನಮ್ಮನ್ನ ಅಂಥವರ ಸಾಲಿಗೆ ಸೇರಿಸ್ತೀಯಲ್ಲೇ!" ಎಂದು ಎದೆ ಹಿಡಿದುಕೊಂಡು ಕೂತುಬಿಟ್ಟಳು. ರಕ್ತದೊತ್ತಡದವಳು. ಅಮ್ಮ ಎದ್ದು ಅವಳ ನಾಡಿ ನೋಡಿದಳು, ಬಿಸಿನೀರು ತಂದಳು, ಬೆನ್ನು ಸವರಿದಳು. "ನಿಮ್ಮನ್ನ ಯಾರೂ ಏನೂ ಅಂದಿಲ್ಲ ಅತ್ತೆ. ನೀವು ಒಳ್ಳೆಯವರೇ. ಸಮಾಧಾನ ಮಾಡ್ಕೊಳ್ಳಿ" ಎಂದು ಹತ್ತು ಸಲ ಹೇಳಿದಳು. ಅವಳ ತಟ್ಟೆಯ ಊಟ ಹಾಗೇ ತಣ್ಣಗಾಯಿತು.

ಮರುದಿನ ಬಟ್ಟೆ ಒಣಗಿಸುವಾಗ ಅಪ್ಪ "ನಮ್ಮಮ್ಮನಿಗೆ ಎಷ್ಟು ಬೇಜಾರಾಗಿದೆ ನೋಡು" ಎಂದ. ಅಮ್ಮ ಹಿಂಡುತ್ತಿದ್ದ ಬೆಡ್‌ಶೀಟನ್ನು ಬಕೆಟ್ಟಿಗೆ ವಾಪಸು ಹಾಕಿದಳು.

"ಪೆಟ್ಟು ಬಿದ್ದಿದ್ದು ನನಗೆ. ಅತ್ತಿದ್ದು ಅತ್ತೆ. ಮುನಿಸ್ಕೊಂಡಿದ್ದು ಮಾವ. ನಗಾಡಿದ್ದು ನೀವು. ಎಲ್ಲರನ್ನೂ ಸಮಾಧಾನ ಮಾಡೋ ಡ್ಯೂಟಿ ಮಾತ್ರ ನಂದು. ಆಸ್ಪತ್ರೆಯಲ್ಲಾದರೂ ಎಂಟು ಗಂಟೆಗೆ ಪಾಳಿ ಮುಗಿಯುತ್ತೆ."

"ನಾನೇನು ಮಾಡಬೇಕು ಹೇಳು."

"ಏನೂ ಮಾಡಬೇಡಿ. ಸುಮ್ಮನೆ ಕೇಳಿಸ್ಕೊಳ್ಳಿ."

ಅಪ್ಪನಿಗೆ ನಟ್ಟು ಬಿಗಿ ಮಾಡು ಎಂದರೆ ಗೊತ್ತಾಗುತ್ತಿತ್ತು. ಸುಮ್ಮನೆ ಕೇಳಿಸಿಕೊಳ್ಳುವುದು ಅವನ ಕಸುಬಿನಲ್ಲಿ ಇರಲಿಲ್ಲ. ಬಕೆಟ್ ಎತ್ತಿಕೊಂಡು ನಿಂತ, ಅಷ್ಟೆ.

ಎರಡು ವಾರ ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡು ಓಡಾಡಿದೆವು. ಅಮ್ಮ ಕೆಲಸ ಯಾವುದನ್ನೂ ಬಿಡಲಿಲ್ಲ. ತಾತನ ಮಾತ್ರೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಜ್ಜಿಯ ಕಾಲಿಗೆ ಎಣ್ಣೆ ಬೀಳುತ್ತಿತ್ತು. ಮಾತು ಮಾತ್ರ ಇಲ್ಲ. ತಾತ ಏನಾದರೂ ಬೇಕಿದ್ದರೆ ನನ್ನ ಕೈಲಿ ಹೇಳಿಸುತ್ತಿದ್ದ. "ಅಸಿಸ್ಟೆಂಟ್, ಉಪ್ಪು ಕೊಡೋಕೆ ಹೇಳು." ಉಪ್ಪು ಅಮ್ಮನ ಮೊಣಕೈ ಪಕ್ಕವೇ ಇರುತ್ತಿತ್ತು. ಆಸ್ಪತ್ರೆಯ ಗುಮಾಸ್ತ ಫೋನ್ ಮಾಡಿ ಫೋಟೋ ಕೇಳಿದಾಗ ಅಮ್ಮ "ಮೊಳೆ ಇದೆಯಲ್ಲ, ಸದ್ಯಕ್ಕೆ ಅದೇ ಇರಲಿ" ಎಂದಳು. ತಿಂಗಳು ಮುಗಿಯುವುದಕ್ಕೆ ಇನ್ನು ಎಂಟು ದಿನ ಇತ್ತು.

ನಾನು ಎರಡೂ ಕಡೆಗೆ ಸೇರಿದವಳಾಗಿ ಎಲ್ಲೂ ಸೇರದೆ ಸ್ಟುಡಿಯೋದಲ್ಲಿ ಕೂರುತ್ತಿದ್ದೆ. ಅಲ್ಲಿ ಗೋಡೆಯುದ್ದಕ್ಕೂ ನೆಗೆಟಿವ್ ಡಬ್ಬಗಳು. ನನ್ನ ಹೆಸರಿನ ಡಬ್ಬದಲ್ಲಿ, ಸ್ಟುಡಿಯೋ ನಿಂತ ಮೇಲೂ ತಾತ ಬಿಡದೆ ತೆಗೆದ, ಪ್ರತಿ ಹುಟ್ಟುಹಬ್ಬಕ್ಕೆ ಒಂದರಂತೆ ಹತ್ತು ನೆಗೆಟಿವ್. ಒಂದು ಮಧ್ಯಾಹ್ನ ಮಾಡಲು ಬೇರೆ ಕೆಲಸವಿಲ್ಲದೆ ಅವನ್ನು ಒಂದೊಂದಾಗಿ ಮಸುಕು ಗಾಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ತಾತನೇ ಕಲಿಸಿದ್ದ ವಿದ್ಯೆ. ಕೆನ್ನೆಯ ಮೇಲೆ ಪೆನ್ಸಿಲ್. ಹಣೆಯ ಮೇಲೆ ಪೆನ್ಸಿಲ್. ಮೂಗಿನ ಎರಡು ಬದಿಗೆ ಕೂದಲೆಳೆಯಷ್ಟು ಚಾಕುವಿನ ಗೀರು. ಒಂದು ವರ್ಷದ ಮಗುವಾಗಿದ್ದಾಗಿನದರಲ್ಲೂ ಇತ್ತು.

ನೆಗೆಟಿವ್ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಜ್ಜಿ, ಅಮ್ಮ ಮಾತಿಲ್ಲದೆ ಬಟಾಣಿ ಬಿಡಿಸುತ್ತಿದ್ದರು. ತಾತ ಬಾಗಿಲ ಬಳಿ ಪತ್ರಿಕೆ ಓದುತ್ತಿದ್ದ. ಅಪ್ಪ ನಲ್ಲಿಯ ವಾಷರ್ ಬದಲಿಸುತ್ತಿದ್ದ.

"ತಾತ, ನಾನು ಹೇಗಿದೀನೋ ಹಾಗಿರೋದು ಒಂದೂ ಇಲ್ವಾ?"

ತಾತ ನೆಗೆಟಿವ್ ತೆಗೆದುಕೊಂಡ. ನೋಡುವ ಅವಶ್ಯಕತೆಯೇ ಅವನಿಗೆ ಇರಲಿಲ್ಲ. "ಪುಟ್ಟಿ, ಅದು… ಎಲ್ಲರಿಗೂ ಮಾಡ್ತೀವಿ. ಅದು ಕೈಯ ಅಭ್ಯಾಸ."

"ನಾನು ಚೆನ್ನಾಗಿಲ್ವಾ?"

ಅಜ್ಜಿಯ ಸೆರಗು ಕಣ್ಣಿಗೆ ಹೋಯಿತು. "ಅಯ್ಯೋ ನನ್ನ ಬಂಗಾರ, ಹಾಗೆ ಕೇಳಬೇಡ, ನನ್ನ ಎದೆ…"

"ಅತ್ತೆ." ಅಮ್ಮ ಬಟಾಣಿಯ ಬೋಗುಣಿ ಕೆಳಗಿಟ್ಟಳು. ದನಿ ಏರಿಸಲಿಲ್ಲ. ವಾರ್ಡಿನಲ್ಲಿ ಮಾತಾಡುವ ದನಿ ಅದು. "ಈಗ ಅಳಬೇಡಿ. ನಿಮಗೆ ನೋವಾಗಿದೆ, ಸುಳ್ಳಲ್ಲ. ಆದರೆ ನೀವು ಅತ್ತರೆ ಇವಳು ನಿಮ್ಮ ಕಣ್ಣೊರೆಸೋಕೆ ಬರ್ತಾಳೆ. ಇವಳು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲ್ಲ. ನಾನು ಹಾಗೇ ಬೆಳೆದೆ. ಇವಳು ಬೇಡ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಅದು ಎಷ್ಟು ಕಷ್ಟವಾಯಿತು ಎಂಬುದು ಕತ್ತಿನ ನರದಲ್ಲಿ ಕಾಣುತ್ತಿತ್ತು. ಆದರೂ ಅಳಲಿಲ್ಲ. ಅದಕ್ಕಾಗಿ ನಾನು ಅವಳನ್ನು ಇವತ್ತಿಗೂ ನೆನೆಯುತ್ತೇನೆ.

ತಾತ ನನ್ನನ್ನು ನೋಡಿದ. "ನೀನು ಚೆನ್ನಾಗಿದೀಯ. ನಾನು ಮಾಡಿದ್ದು ತಪ್ಪು." ಆಮೇಲೆ ಅಭ್ಯಾಸಬಲದಿಂದ ಶುರುಮಾಡಿದ. "ಆದರೆ ಆ ಕಾಲದಲ್ಲಿ ಬಂದರಿನವರೇ ಬಂದು ಕೇಳ್ತಿದ್ರು, ಒಂಚೂರು ಬೆಳ್ಳಗೆ…"

"ಕೇಳ್ತಿದ್ರು" ಎಂದಳು ಅಮ್ಮ. "ಕೇಳದೇ ಇದ್ದವರಿಗೂ ಮಾಡ್ತಿದ್ರಿ. ನಮ್ಮಮ್ಮ ಕೇಳಿರಲಿಲ್ಲ."

"ನಿಮ್ಮಮ್ಮ?"

ಅಮ್ಮ ಎದ್ದು ಒಳಗೆ ಹೋದಳು. ಅವಳ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದ ಫೋಟೋ ಕಿತ್ತು ತಂದಳು. ನಾನು ದಿನಾ ನೋಡುತ್ತಿದ್ದ ಫೋಟೋ. ಅಮ್ಮನಿಗೆ ಬೇಕಾದ ಯಾರೋ ಬಿಳಿ ಟೀಚರ್ ಇರಬೇಕು ಎಂದುಕೊಂಡಿದ್ದೆ.

"ನನಗೆ ಏಳು ವರ್ಷ ಇದ್ದಾಗ ತೀರಿಹೋದಳು. ಇದೊಂದೇ ಫೋಟೋ, ನಿಮ್ಮ ಸ್ಟುಡಿಯೋದ್ದೇ. ಇದನ್ನ ತಂದ ದಿನ ನಮ್ಮಪ್ಪ ನೋಡಿ, ‘ಇರಲಿ, ಚೆನ್ನಾಗಿ ಬಂದಿದೆ’ ಅಂದ್ರು. ಆಮೇಲೆ ಇದನ್ನೇ ನೋಡಿ ನೋಡಿ ಅವಳ ನಿಜವಾದ ಮುಖ ನನಗೆ ಮರೆತೇ ಹೋಯ್ತು. ನೆನಪು ಮಾಡ್ಕೊಂಡಾಗೆಲ್ಲ ಈ ಹೆಂಗಸೇ ಬರ್ತಾಳೆ. ಬೇರೆ ಎಲ್ಲಾದರೂ ಫೋಟೋ ತೆಗೆಸಬಹುದಿತ್ತು ಮಾವ ನಾನು. ಹನ್ನೆರಡು ವರ್ಷ ನಿಮ್ಮ ಎದುರಿಗೆ ಊಟಕ್ಕೆ ಕೂತಿದೀನಲ್ಲ, ಈ ಸಲ ನನ್ನನ್ನ ನೋಡಿರ್ತಾರೆ ಅಂದ್ಕೊಂಡೆ."

ಅಪ್ಪ ಏನೋ ಹೇಳಲು ಹೋಗಿ, ಬಾಯಿ ಮುಚ್ಚಿ, ಅಮ್ಮನ ಪಕ್ಕ ನೆಲದ ಮೇಲೆ ಕೂತ. ವಾಷರಿಲ್ಲದ ನಲ್ಲಿ ಸೋರುತ್ತಲೇ ಇತ್ತು.

"ಇನ್ನೂ ಹೇಳು" ಎಂದ ತಾತ. ನನ್ನ ಕೈಲಿ ಹೇಳಿಸದೆ, ಎರಡು ವಾರದ ನಂತರ ನೇರವಾಗಿ ಅವಳಿಗೆ ಆಡಿದ ಮೊದಲ ಮಾತು ಅದು. ಅಮ್ಮ ಹೇಳಿದಳು. ಮದುವೆಯ ಫೋಟೋದಲ್ಲೂ ತನ್ನನ್ನು ಬೆಳ್ಳಗೆ ಮಾಡಿದ್ದರ ಬಗ್ಗೆ, ನಾನು ಹುಟ್ಟಿದಾಗ ನೋಡಲು ಬಂದವರು "ಮಗು ಪುಣ್ಯಕ್ಕೆ ತಂದೆ ಬಣ್ಣ" ಎಂದಾಗ ಮನೆಯವರೆಲ್ಲ ನಕ್ಕಿದ್ದರ ಬಗ್ಗೆ, ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪದ ರೋಗಿಗಳ ಬಗ್ಗೆ. ಬಟಾಣಿ ಬಿಡಿಸುತ್ತಲೇ ಹೇಳಿದಳು. ತಾತ ಒಂದು ಸಲ ಮಾತ್ರ "ನಾನೂ ನಕ್ಕಿದ್ದೆನಾ?" ಎಂದು ಕೇಳಿದ. "ಹೂಂ" ಎಂದಳು. ಬಟಾಣಿ ಮುಗಿಯುವವರೆಗೆ ಅವನು ಕೂತೇ ಇದ್ದ.

ಮುಂದಿನ ಭಾನುವಾರ ಅಮ್ಮನನ್ನು ಮತ್ತೆ ಕೂರಿಸಿದ. ಹಳೆಯ ನೆಗೆಟಿವ್ ಯಾಕಾಗದು ಎಂದು ನಾನು ಕೇಳಿದ್ದಕ್ಕೆ, "ಪೆನ್ಸಿಲ್ ಆದರೆ ಟರ್ಪೆಂಟೈನ್ ಹಾಕಿ ಒರೆಸಿದರೆ ಹೋಗುತ್ತೆ. ಚಾಕು ಹಾಕಿದ್ದು ಹೋಗಲ್ಲ" ಎಂದ. ಈ ಸಲ ಮೇಜಿನ ಹತ್ತಿರವೇ ಹೋಗಲಿಲ್ಲ. ಬರೀ ದೀಪ ಹೊಂದಿಸುವುದಕ್ಕೇ ಒಂದು ಗಂಟೆ ತೆಗೆದುಕೊಂಡ. "ಕಪ್ಪು ಮೈಗೆ ದೀಪ ಹೇಗೆ ಇಡಬೇಕು ಅಂತ ನಲವತ್ತು ವರ್ಷ ಕಲಿಯೋಕೇ ಹೋಗಲಿಲ್ಲ ನೋಡು. ಪೆನ್ಸಿಲ್ ಇತ್ತಲ್ಲ" ಎಂದು ತನಗೆ ತಾನೇ ಬೈದುಕೊಂಡ. ತಿಂಗಳು ಮುಗಿಯುವ ಮೊದಲೇ ಹನ್ನೆರಡನೆಯ ಮೊಳೆಗೆ ಅಮ್ಮ ಏರಿದಳು. ಕಪ್ಪಗೆ, ಅಗಲ ಮೂಗಿನವಳು, ನೆಟ್ಟಗೆ ಕೂತವಳು. ನಾವೆಲ್ಲ ಹೋಗಿ ನೋಡಿ ಬಂದೆವು. ವಾಪಸು ಬರುವಾಗ ಅಪ್ಪ "ಆ ಸಾಲಲ್ಲಿ ಮನುಷ್ಯರ ಥರ ಕಾಣೋದು ನೀನೊಬ್ಬಳೇ" ಎಂದ. ಅಮ್ಮ ನಕ್ಕಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆವು. ತಾತ ಮಾತ್ರ ದಿನವೂ ಬೆಳಿಗ್ಗೆ ಹೋಗಿ ಡಬ್ಬಗಳ ನಡುವೆ ಕೂರುತ್ತಿದ್ದ. ಊಟಕ್ಕೆ ಕರೆದರೆ ಮೂಗಿನ ತುದಿಗೆ ಧೂಳು ಮೆತ್ತಿಕೊಂಡು ಬರುತ್ತಿದ್ದ. "ಏನು ಹುಡುಕ್ತಿದೀರಿ?" ಎಂದರೆ ಅಜ್ಜಿಗೂ ಹೇಳಲಿಲ್ಲ. ಹೀಗೆ ಮೂರು ವಾರವಾಯಿತು. ಈರುಳ್ಳಿ ಜಗಲಿಯಲ್ಲೇ ಮೊಳಕೆಯೊಡೆಯಿತು.

ಒಂದು ರಜೆಯ ಮಧ್ಯಾಹ್ನ ತಾತ ಕತ್ತಲೆ ಕೋಣೆಯಿಂದ ಕೂಗಿದ. "ಅಸಿಸ್ಟೆಂಟ್, ನಿಮ್ಮಮ್ಮನ್ನ ಕರ್ಕೊಂಡು ಬಾ."

ಕತ್ತಲೆ ಕೋಣೆ ಎಂದರೆ ಸ್ಟುಡಿಯೋದ ಹಿಂದಿನ ಕಿರುಕೋಣೆ, ಒಂದೇ ಒಂದು ಕೆಂಪು ದೀಪ. ನಾವು ಹೋಗಿ ನಿಂತೆವು. ಹಿಂದೆಯೇ ಅಪ್ಪ, ಅಜ್ಜಿ ಬಂದು ಬಾಗಿಲಿನ ಪರದೆಯೊಳಗೆ ತುರುಕಿಕೊಂಡರು. ಟರ್ಪೆಂಟೈನ್ ವಾಸನೆ ಗಾಢವಾಗಿತ್ತು. ಬೀರುವಿನ ಫೋಟೋದ ಬೆನ್ನಿಗಿದ್ದ ನಂಬರನ್ನು ತಾತ ತನ್ನ ಅಂಗೈ ಮೇಲೆ ಬರೆದುಕೊಂಡಿದ್ದ.

"ಸಿಕ್ತು" ಎಂದ. "ಮೂವತ್ತು ವರ್ಷದ ಹಿಂದಿನದು. ಪೆನ್ಸಿಲ್ ಎಲ್ಲ ತೊಳೆದಿದೀನಿ." ನೆಗೆಟಿವ್ ಇಟ್ಟು ಬೆಳಕು ತೋರಿಸಿದ್ದ ಕಾಗದವನ್ನು, ಚಿತ್ರ ಮೂಡಿಸುವ ದ್ರವದ ತಟ್ಟೆಯೊಳಗೆ ಇಳಿಸಿ ತಟ್ಟೆಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಇಳಿಸತೊಡಗಿದ.

ಮೊದಲು ಕೂದಲು ಬಂತು. ಆಮೇಲೆ ಕಣ್ಣು. ಆಮೇಲೆ ಹಣೆ, ಕೆನ್ನೆ, ತುಂಬಿದ ತುಟಿ ಕಪ್ಪಗೆ ಮೇಲೆದ್ದು ಬಂದವು. ಎಡಗೆನ್ನೆಯ ಮೇಲೆ ಒಂದು ಮಚ್ಚೆ. ಆ ಮಚ್ಚೆ ಬೀರುವಿನ ಫೋಟೋದಲ್ಲಿ ಇರಲಿಲ್ಲ. ಅಮ್ಮನ ಕೈ ನನ್ನ ಭುಜವನ್ನು ಹಿಂಡಿತು.

"ಇಲ್ಲಿ ಮುತ್ತು ಕೊಡ್ತಿದ್ದೆ" ಎಂದಳು. "ಇದರ ಮೇಲೇ ಕೊಡಬೇಕು ಅಂತ ಹಟ ಮಾಡ್ತಿದ್ದೆ."

ತಾತ ಕಾಗದವನ್ನು ಎತ್ತಿ ಮುಂದಿನ ತಟ್ಟೆಗೆ ಹಾಕಿದ. ಅಮ್ಮನ ಕಡೆ ತಿರುಗಿ ನೆಟ್ಟಗೆ ಹೇಳಿದ. "ಮೂಗಿಗೆ ಚಾಕು ಹಾಕಿಬಿಟ್ಟಿದೀನಮ್ಮ. ಎರಡು ಕಡೆ. ಏನೇ ಮಾಡಿದರೂ ಬರಲಿಲ್ಲ. ನಿನ್ನನ್ನ ಇನ್ನೊಂದು ಸಲ ಕೂರಿಸಿದೆ. ಅವಳನ್ನ ಎಲ್ಲಿಂದ ಕರ್ಕೊಂಡು ಬರಲಿ?"

ನೋಡಿದೆ. ಮೂಗಿನ ಎರಡು ಬದಿಗೆ ಕಪ್ಪು ಗೆರೆಗಳು ಇದ್ದವು. ಅವುಗಳ ನಡುವೆ ಆ ಕಿರಿದು ಮೂಗು, ಯಾರದೋ ಮೂಗು, ಹಾಗೇ ಉಳಿದಿತ್ತು.

ಅಮ್ಮ ತುಂಬ ಹೊತ್ತು ಬಗ್ಗಿ ನೋಡಿದಳು. ಆಮೇಲೆ ನನ್ನ ಗಲ್ಲ ಹಿಡಿದು ಮುಖವನ್ನು ಕೆಂಪು ದೀಪದ ಕೆಳಕ್ಕೆ ತಿರುಗಿಸಿದಳು.

"ಮೂಗು ಇಲ್ಲಿದೆ ಮಾವ" ಎಂದಳು. "ಈಗಲಾದರೂ ಸರಿಯಾಗಿ ನೋಡಿ."

ತಾತ ಕನ್ನಡಕ ಒರೆಸಿಕೊಂಡು ನನ್ನನ್ನು ನೋಡಿದ. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅಮ್ಮ ಅಲ್ಲೇ ಮೋರಿಯ ಕಟ್ಟೆಗೆ ಒರಗಿ ಕೂತಳು. ಅಳು ಬಂತು ಅವಳಿಗೆ. ಅವಳು ಅತ್ತಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಏಳು ವರ್ಷದ ಹುಡುಗಿಯಂತೆ ಜೋರಾಗಿ, ಬಿಕ್ಕಿ ಬಿಕ್ಕಿ ಅತ್ತಳು.

ಅಪ್ಪ ಜೋಕ್ ಮಾಡಲಿಲ್ಲ. ತಾತ ತನ್ನ ಸಂಕಟ ತೋಡಿಕೊಳ್ಳಲಿಲ್ಲ. ಅಜ್ಜಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಅಮ್ಮನ ಮಡಿಲಿಗಿಟ್ಟು, ಒಣಗಣ್ಣಿನಲ್ಲಿ ಪಕ್ಕಕ್ಕೆ ನಿಂತಳು. ಆ ದಿನ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ ಅತ್ತಳು. ಸಾಕು ಎನಿಸುವವರೆಗೆ ಅತ್ತಳು, ಉಳಿದ ನಾಲ್ವರೂ ಕಾದೆವು.